ದ್ವೀಪ ಸುತ್ತುವ ರಜೆಗೆ ಯಮನೂರಿನಿಂದ ಹೊರಡುವ ಮುನ್ನ

ಪಂಜಾಬಿನ ಸಂಗ್ರೂರಿನಲ್ಲಿ ಶುರುವಾಗುವ ರಾಷ್ಟ್ರೀಯ ಹೆದ್ದಾರಿ 52 ಅರ್ಧ ದೇಶವನ್ನೇ ದಾಟಿ ವಿಜಯಪುರ, ನರಗುಂದ, ನವಲಗುಂದದ ಮೂಲಕ ಹುಬ್ಬಳ್ಳಿಗೆ ಬರುತ್ತದೆ. ಅಲ್ಲಿಂದ ಕಲಘಟಗಿ, ಯಲ್ಲಾಪುರ ಹಾದು, ಅರಬೈಲು ಘಟ್ಟ ಇಳಿದು, ಅಂಕೋಲಾದಲ್ಲಿ ಕಡಲ ಮಗ್ಗುಲಿಗೆ ಬಂದು ಮುಗಿಯುತ್ತದೆ. ನವಲಗುಂದ ತಾಲ್ಲೂಕಿನ ಯಮನೂರಿನವರಿಗೆ ಅರಬ್ಬಿ ಸಮುದ್ರವೆಂದರೆ ಒಂದೇ ರಸ್ತೆಯ ದೂರ. ನಸುಕಿನಲ್ಲಿ ಮನೆ ಬಿಟ್ಟು ಹುಬ್ಬಳ್ಳಿಯಲ್ಲಿ ಬಸ್ ಬದಲಿಸಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಕಾರವಾರ ತಲುಪಬಹುದು.

ಊರಿನ ನೀರು ಮಾತ್ರ ಬೇರೆ ದಾರಿ ಹಿಡಿದಿದೆ. ಯಮನೂರಿನ ಬೆಣ್ಣಿಹಳ್ಳ ಮಲಪ್ರಭೆಗೆ ಸೇರುತ್ತದೆ, ಮಲಪ್ರಭೆ ಕೂಡಲಸಂಗಮದಲ್ಲಿ ಕೃಷ್ಣೆಗೆ, ಕೃಷ್ಣೆ ಬಂಗಾಳ ಕೊಲ್ಲಿಗೆ. ಪಡುವಣ ಕಡಲು ಇಷ್ಟು ಹತ್ತಿರವಿದ್ದರೂ ಇಲ್ಲಿ ಬಿದ್ದ ಮಳೆ ಮೂಡಣ ಕಡಲಿಗೆ ಹೋಗುತ್ತದೆ. ಹೋಳಿ ಹುಣ್ಣಿಮೆಯ ಬೆನ್ನಿಗೆ ನಡೆಯುವ ಜಾತ್ರೆಗೆ, ಹಿಂದೂಗಳು ಚಾಂಗದೇವ ಎಂದೂ ಮುಸ್ಲಿಮರು ರಾಜಾಬಾಗಸವಾರ ಎಂದೂ ನಡೆದುಕೊಳ್ಳುವ ದೇವರ ದರ್ಶನಕ್ಕೆ ಬಂದವರು ಇದೇ ಹಳ್ಳದಲ್ಲಿ ಮೀಯುತ್ತಾರೆ. ಹಳ್ಳದ ನೀರಿನಿಂದಲೇ ಇಲ್ಲಿ ದೀಪ ಉರಿಯುತ್ತದೆ ಎಂಬುದು ಭಕ್ತರ ನಂಬಿಕೆ. ಬೇಸಿಗೆಯಲ್ಲಿ ಸೊರಗುವ ಹಳ್ಳ, ದೊಡ್ಡ ಮಳೆ ಬಿದ್ದ ವರ್ಷ ಎರೆಹೊಲಗಳ ಮೇಲೆ ಹರಿದು ಪೈರನ್ನೇ ಒಯ್ಯುತ್ತದೆ. ನೀರಿಗೆ ಕೈಮುಗಿಯುವುದು, ನೀರಿಗೆ ಅಂಜುವುದು ಎರಡೂ ಇಲ್ಲಿಯ ಮಕ್ಕಳಿಗೆ ಗೊತ್ತು. ಈಜು ಬಲ್ಲವರು, ದೋಣಿ ಹತ್ತಿದವರು ಬಹಳ ಕಡಿಮೆ.

ಈಗ ಅದೇ ಮಕ್ಕಳು ಏಪ್ರಿಲ್ ಬಂತೆಂದರೆ ಕಡಲಿಗೆ ಹೋಗೋಣ ಎಂದು ಹಟ ಹಿಡಿಯುತ್ತಾರೆ. 2022ರ ಅಕ್ಟೋಬರ್‌ನಲ್ಲಿ ತೆರೆಕಂಡ ‘ಗಂಧದಗುಡಿ’ಯಲ್ಲಿ ಪುನೀತ್ ರಾಜ್‌ಕುಮಾರ್ ನೇತ್ರಾಣಿಯ ನೀರಿಗೆ ಧುಮುಕಿದ್ದನ್ನು ನೋಡಿದ ಮೇಲಂತೂ ದ್ವೀಪ ಎಂಬುದು ಮಕ್ಕಳಿಗೆ ಭೂಪಟದ ಚುಕ್ಕೆಯಾಗಿ ಉಳಿದಿಲ್ಲ. ಹೋಗಲಿ, ಖಂಡಿತ ಹೋಗಬೇಕು. ಆದರೆ ಕಡಲಿಗೆ ತನ್ನದೇ ಪಂಚಾಂಗವಿದೆ, ದೋಣಿಗೆ ತನ್ನದೇ ಲೆಕ್ಕವಿದೆ. ದಂಡೆಯಲ್ಲಿ ಹುಟ್ಟಿದವರಿಗೆ ಅದು ತಾನಾಗಿ ತಿಳಿಯುತ್ತದೆ. ಬಯಲುಸೀಮೆಯವರು ಮನೆ ಬಿಡುವ ಮುನ್ನವೇ ಕಲಿತುಕೊಳ್ಳಬೇಕು.

ಮೊದಲು ದ್ವೀಪಗಳ ಪರಿಚಯ. ಮುನ್ನೂರು ಕಿಲೋಮೀಟರಿಗೂ ಹೆಚ್ಚು ಉದ್ದದ ಕರ್ನಾಟಕದ ಕರಾವಳಿಯಲ್ಲಿ ಹತ್ತಾರು ನಡುಗಡ್ಡೆಗಳಿವೆ. ಕಾರವಾರದ ಎದುರಿಗೆ ಆಮೆಯ ಆಕಾರದ ಕೂರ್ಮಗಡವಿದೆ, ಆಚೆ ದೀಪಸ್ತಂಭದ ದೇವಗಡವಿದೆ. ಬಿಣಗಾದ ಕಡೆಗಿರುವ ಅಂಜುದೀವ 1961ರ ಡಿಸೆಂಬರ್‌ವರೆಗೂ ಪೋರ್ಚುಗೀಸರ ಕೈಯಲ್ಲಿತ್ತು. ಈಗ ಅದು ನೌಕಾಪಡೆಯ ನೆಲೆಗೆ ಸೇರಿರುವುದರಿಂದ ಪ್ರವಾಸಿಗರಿಗೆ ಪ್ರವೇಶವಿಲ್ಲ. ಹೊನ್ನಾವರದಲ್ಲಿ ಶರಾವತಿ ಕಡಲು ಸೇರುವ ಕಡೆ, ಕೆಳದಿ ಅರಸರ ಕೋಟೆಯಿರುವ ಬಸವರಾಜದುರ್ಗ. ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ಒಳಕ್ಕೆ ನೇತ್ರಾಣಿ.

ನೇತ್ರಾಣಿಯಲ್ಲಿ ಕಾಲೂರಲು ಮರಳ ದಂಡೆ ಇಲ್ಲ. ಸುತ್ತಲೂ ಕಡಿದಾದ ಬಂಡೆ. ಹಾಗಾಗಿ ದೋಣಿಗಳು ತುಸು ದೂರದಲ್ಲೇ ಲಂಗರು ಹಾಕುತ್ತವೆ. ಕೆಳಗೆ ಹವಳದ ದಿಬ್ಬಗಳು, ಅವುಗಳ ಸಂದಿಯಲ್ಲಿ ಬಣ್ಣಬಣ್ಣದ ಮೀನು. ಮೇಲೆ ಬಿಳಿಹೊಟ್ಟೆಯ ಕಡಲ ಹದ್ದು. ದ್ವೀಪದ ಮೇಲೆ ಜಟ್ಟಿಗನ ಗುಡಿಯಿದೆ, ಮೀನುಗಾರರು ಅಲ್ಲಿಗೆ ಹರಕೆ ಒಪ್ಪಿಸುತ್ತಾರೆ. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಚೆಲುವು ಇನ್ನೊಂದು ಬಗೆಯದು. ಅಲ್ಲಿ ಐದು, ಆರು ಮೂಲೆಗಳ ಕಲ್ಲುಕಂಬಗಳು ಕಟ್ಟು ಕಟ್ಟಾಗಿ ನಿಂತಿವೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಭಾರತ ಮತ್ತು ಮಡಗಾಸ್ಕರ್ ಒಂದನ್ನೊಂದು ಬಿಟ್ಟು ದೂರ ಸರಿದ ಕಾಲದಲ್ಲಿ ಉಕ್ಕಿದ ಲಾವಾ ತಣಿಯುತ್ತ, ಕುಗ್ಗುತ್ತ, ಸೀಳುತ್ತ ಈ ಕಂಬಗಳಾದವು. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂಬ ಮನ್ನಣೆ ಅದಕ್ಕಿದೆ. ಯಮನೂರಿನ ಮಗುವೊಂದು ಆ ಕಂಬದ ಮೇಲೆ ಕೈಯಿಟ್ಟರೆ ಭೂಗೋಳದ ಒಂದು ಅಧ್ಯಾಯವನ್ನೇ ಮುಟ್ಟಿದಂತೆ.

ನವಲಗುಂದಕ್ಕೂ ಹಾಯಿಗೂ ಎತ್ತಣ ನಂಟು ಎಂದು ಕೇಳುವವರು ಹತ್ತಿಯನ್ನು ನೆನೆಯಬೇಕು. ರೈಲು ಬರುವ ಮುಂಚೆ ಧಾರವಾಡ ಸೀಮೆಯ ಹತ್ತಿ ಹೇರೆತ್ತು, ಚಕ್ಕಡಿಗಳ ಮೇಲೆ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು. ಅಲ್ಲಿ ಅಂಡಿಗೆಗಳನ್ನು ಹಾಯಿಯ ಮಚವೆ, ಪತ್ತೆಮಾರಿಗಳಿಗೆ ಏರಿಸಿ ಮುಂಬೈಗೆ ಸಾಗಿಸುತ್ತಿದ್ದರು. ಬೆಳೆದದ್ದು ಎರೆಹೊಲದಲ್ಲಾದರೂ ಇಂಗ್ಲೆಂಡಿನ ಪೇಟೆಯಲ್ಲಿ ಆ ತಳಿಗೆ ಕುಮಟಾದ ಹೆಸರೇ ನಿಂತುಬಿಟ್ಟಿತು. 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿಯ ಹತ್ತಿ ಬರುವುದು ನಿಂತಾಗ ಈ ಸೀಮೆಯ ಹತ್ತಿಗೆ ಬೆಲೆ ಏರಿತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಮುಂಬೈ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆಯೂ ಕಾರವಾರವನ್ನು ಹತ್ತಿಯ ಬಂದರಾಗಿ ಬೆಳೆಸುವ ಉದ್ದೇಶವಿತ್ತು. 1880ರ ದಶಕದಲ್ಲಿ ಹುಬ್ಬಳ್ಳಿಗೆ ರೈಲು ಬಂದ ಮೇಲೆ ಘಟ್ಟದ ಚಕ್ಕಡಿ ಸಾಲು ಕರಗಿತು.

ಆ ವ್ಯಾಪಾರಿಗಳು ಒಂದು ಮಾತನ್ನು ಮರೆಯುತ್ತಿರಲಿಲ್ಲ. ಮುಂಗಾರಿಗೆ ಮೊದಲು ಹತ್ತಿ ಹಡಗು ಹತ್ತಬೇಕು. ಮಿರ್ಗದ ಮಳೆ ಹಿಡಿಯಿತೆಂದರೆ ಹಾಯಿ ಇಳಿಯಿತು, ಬಂದರು ಮುಚ್ಚಿತು.

ರಜೆಯ ಪ್ರವಾಸಕ್ಕೂ ಇದೇ ಕಟ್ಟಳೆ. ಇಂದಿಗೂ ರಾಜ್ಯದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಮೀನು ಮೊಟ್ಟೆಯಿಡುವ ಕಾಲ, ಕಡಲು ಕೆರಳುವ ಕಾಲ ಎರಡೂ ಅದೇ. ಪ್ರವಾಸಿ ದೋಣಿಗಳಂತೂ ಇನ್ನೂ ಮೊದಲೇ ದಡ ಸೇರುತ್ತವೆ. ಸೇಂಟ್ ಮೇರೀಸ್‌ಗೆ ಹೋಗುವ ದೋಣಿಗಳು ಸಾಮಾನ್ಯವಾಗಿ ಮೇ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಹೊರಡುವುದಿಲ್ಲ. ಹಾಗೆಂದಮೇಲೆ ಶಾಲೆಯ ಬೇಸಿಗೆ ರಜೆಯಲ್ಲಿ ಕಡಲಿಗೆ ಒಗ್ಗುವುದು ಮೊದಲ ಅರ್ಧ ಮಾತ್ರ, ಅಂದರೆ ಏಪ್ರಿಲ್ ಎರಡನೆಯ ವಾರದಿಂದ ಮೇ ಮೊದಲ ವಾರ. ಮೇ ಮಧ್ಯದ ಅರಬ್ಬಿ ಸಮುದ್ರವನ್ನು ನಂಬುವಂತಿಲ್ಲ. 2021ರ ಮೇ ತಿಂಗಳ ನಟ್ಟನಡುವೆ ಬಂದ ತೌಕ್ತೆ ಚಂಡಮಾರುತ ಕರಾವಳಿಯ ಮನೆ, ರಸ್ತೆ, ದೋಣಿಗಳನ್ನು ನಜ್ಜುಗುಜ್ಜು ಮಾಡಿತು. ಬೇಸಿಗೆಗಿಂತ ಒಳ್ಳೆಯ ಕಾಲ ದಸರಾ ರಜೆ. ಮಳೆ ಹಿಂದೆ ಸರಿದು ಅಲೆ ತಗ್ಗಿರುತ್ತದೆ. ನೇತ್ರಾಣಿಯಲ್ಲಿ ನೀರಿನಡಿಯ ಹವಳ ನಿಚ್ಚಳವಾಗಿ ಕಾಣಬೇಕೆಂದರೆ ಡಿಸೆಂಬರ್, ಜನವರಿಯೇ ಮೇಲು.

ತಿಂಗಳು ಆರಿಸಿಕೊಂಡ ಮೇಲೆ ಹೊತ್ತು ಆರಿಸಿಕೊಳ್ಳಬೇಕು. ಕಣದಲ್ಲಿ ರಾಶಿ ತೂರುವ ರೈತ ಗಾಳಿ ಯಾವ ಕಡೆಯಿಂದ ಬೀಸುತ್ತದೆಂದು ನೋಡಿಯೇ ಮೊರ ಎತ್ತುವಂತೆ, ದೋಣಿ ನಡೆಸುವ ತಾಂಡೇಲನೂ ಗಾಳಿ ನೋಡಿಯೇ ಲಂಗರು ಎತ್ತುತ್ತಾನೆ. ರಾತ್ರಿ ನೆಲ ಬೇಗ ತಣಿಯುತ್ತದೆ, ನೀರು ಬೆಚ್ಚಗೇ ಇರುತ್ತದೆ. ಆಗ ಗಾಳಿ ನೆಲದಿಂದ ಕಡಲಿಗೆ ಮೆಲ್ಲಗೆ ಬೀಸುತ್ತದೆ. ಬೆಳಿಗ್ಗೆ ಎಂಟು ಒಂಬತ್ತರವರೆಗೂ ಕಡಲ ಮೈ ನುಣುಪಾಗಿರಲು ಇದೇ ಕಾರಣ. ಬಿಸಿಲೇರಿದಂತೆ ನೆಲ ಕಾಯುತ್ತದೆ, ಅದರ ಮೇಲಿನ ಗಾಳಿ ಹಗುರಾಗಿ ಮೇಲೇರುತ್ತದೆ, ಆ ಜಾಗ ತುಂಬಲು ಕಡಲ ಗಾಳಿ ಒಳನುಗ್ಗುತ್ತದೆ. ಮಧ್ಯಾಹ್ನ ಎರಡು ಮೂರರ ಹೊತ್ತಿಗೆ ಅದು ಬಿರುಸಾಗಿ, ಗಿಡ್ಡ ಗಿಡ್ಡ ಅಲೆಗಳು ದೋಣಿಯನ್ನು ಕುಲುಕತೊಡಗುತ್ತವೆ. ಆದ್ದರಿಂದ ಮಕ್ಕಳು ಮುದುಕರನ್ನು ಕರೆದುಕೊಂಡು ದ್ವೀಪ ಸುತ್ತುವವರು ಬೆಳಗಿನ ಮೊದಲ ದೋಣಿ ಹಿಡಿದು ಮಧ್ಯಾಹ್ನಕ್ಕೆ ಮುಂಚೆ ದಡಕ್ಕೆ ಬಂದರೆ ಒಳ್ಳೆಯದು.

ಹಾಯಿದೋಣಿಯ ಬದುಕೆಲ್ಲ ನಿಂತಿರುವುದು ಈ ಗಾಳಿಯ ಮೇಲೆ. ಗಾಳಿ ಹಿಂದಿನಿಂದ ಬಂದರೆ ಹಾಯಿ ತಳ್ಳಿಸಿಕೊಂಡು ಹೋಗುತ್ತದೆ, ಅದು ಯಾರಿಗೂ ತಿಳಿಯುವ ಮಾತು. ಎದುರಿನಿಂದ ಬಂದರೆ? ಆಗ ಹಾಯಿಯನ್ನು ಓರೆಯಾಗಿ ಬಿಗಿದು, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಅಂಕುಡೊಂಕಾಗಿ ಸಾಗುತ್ತಾರೆ. ಬಾಗಿದ ಹಾಯಿಯ ಎರಡು ಬದಿಯಲ್ಲಿ ಗಾಳಿಯ ಒತ್ತಡ ಬೇರೆ ಬೇರೆಯಾಗುವುದರಿಂದ ಎಳೆತ ಹುಟ್ಟುತ್ತದೆ. ಅಡಿಗಿರುವ ಅಲಗು ದೋಣಿ ಪಕ್ಕಕ್ಕೆ ಜಾರದಂತೆ ತಡೆಯುತ್ತದೆ. ಭಾರತೀಯ ನೌಕಾಪಡೆಯ ಆರು ಮಹಿಳೆಯರು ಗೋವಾದಲ್ಲೇ ಕಟ್ಟಿದ 55 ಅಡಿಯ ‘ತಾರಿಣಿ’ ಹಾಯಿನೌಕೆಯಲ್ಲಿ 2017ರ ಸೆಪ್ಟೆಂಬರ್ 10ರಂದು ಗೋವಾದಿಂದ ಹೊರಟು, ಇಡೀ ಭೂಮಿ ಸುತ್ತಿ 2018ರ ಮೇ 21ರಂದು ಮರಳಿದ್ದು ಈ ಗಾಳಿಯ ಬಲದಿಂದಲೇ. ನಮ್ಮ ಕರಾವಳಿಯಲ್ಲಿ ಎಂಜಿನ್ ಬಂದ ಮೇಲೆ ಹಾಯಿ ಅಪರೂಪವಾಯಿತು. ಕುಟುಂಬಗಳು ಇಂದು ದ್ವೀಪ ಸುತ್ತುವುದು ಹೆಚ್ಚಾಗಿ ಎಂಜಿನ್ ದೋಣಿಯಲ್ಲೇ. ಆದರೆ ಎಂಜಿನ್ ಬಂದಿದೆಯೆಂದು ಗಾಳಿ, ಅಲೆ, ಸೆಳವು ಬದಲಾಗಿಲ್ಲ.

ಸೆಳವಿನ ಮಾತು ಬಂದಾಗ ಕಾರವಾರದಲ್ಲಿ ರಜೆ ಕಳೆದ ಒಂದು ಕುಟುಂಬವನ್ನು ನೆನೆಯಬೇಕು. 1880ರ ದಶಕದ ಆರಂಭದಲ್ಲಿ ಅಲ್ಲಿ ಸತ್ಯೇಂದ್ರನಾಥ ಠಾಕೂರರು ನ್ಯಾಯಾಧೀಶರಾಗಿದ್ದರು. ಅವರ ಮನೆಗೆ ಬಂದ ಬಳಗದಲ್ಲಿ ಇಪ್ಪತ್ತರ ಹರೆಯದ ತಮ್ಮ ರವೀಂದ್ರನಾಥರೂ ಇದ್ದರು. ಒಂದು ಬೆಳದಿಂಗಳ ರಾತ್ರಿ ಎಲ್ಲರೂ ಪುಟ್ಟ ದೋಣಿಯಲ್ಲಿ ಕಾಳಿ ಹೊಳೆಯ ಮೇಲಕ್ಕೆ ಹೋದರು. ಹಳೆಯ ಕೋಟೆಯೊಂದರ ಬಳಿ ಇಳಿದು, ರೈತನೊಬ್ಬನ ಸಾರಿಸಿದ ಅಂಗಳದಲ್ಲಿ ಕುಳಿತು ತಂದಿದ್ದ ಬುತ್ತಿ ಉಂಡರು. ಮರಳುವಾಗ ಹೊಳೆಯ ಸೆಳವಿಗೆ ದೋಣಿ ಬಿಟ್ಟು ತೇಲುತ್ತ ಬಂದರು. ಹೊಳೆ ಕಡಲು ಸೇರುವ ಕಡೆ ದೋಣಿಯಿಂದ ಇಳಿದು, ಮರಳ ಮೇಲೆ ನಡೆದು ಮನೆ ತಲುಪಿದರು. ರವೀಂದ್ರರು ಇದನ್ನು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಅವರು ‘ಪ್ರಕೃತಿರ ಪ್ರತಿಶೋಧ’ ನಾಟಕ ಬರೆದದ್ದೂ ಕಾರವಾರದಲ್ಲೇ. ಅಲ್ಲಿಯ ಕಡಲತೀರಕ್ಕೆ ಇಂದು ಅವರದೇ ಹೆಸರಿದೆ.

ಹೊಳೆ ಕಡಲನ್ನು ಕೂಡುವ ಆ ಜಾಗವೇ ಅಳಿವೆ. ಹೊಳೆ ತಂದ ಮರಳು ಅಲ್ಲಿ ನೀರಿನಡಿ ದಿಬ್ಬವಾಗಿ ನಿಂತಿರುತ್ತದೆ. ಹೊರಗಿನಿಂದ ಬಂದ ಅಲೆ ಆ ದಿಬ್ಬಕ್ಕೆ ಎಡವಿ ಎದ್ದು ಒಡೆಯುತ್ತದೆ. ಒಳಗಿನಿಂದ ಇಳಿತದ ನೀರು ರಭಸದಲ್ಲಿ ಹೊರಕ್ಕೆ ಬರುತ್ತಿರುತ್ತದೆ. ಇವೆರಡೂ ಎದುರುಬದುರಾದಾಗ ಅಲೆ ಇನ್ನಷ್ಟು ಕಡಿದಾಗುತ್ತದೆ. ಉಬ್ಬರ ಇಳಿತಗಳು ಹೆಚ್ಚು ಕಡಿಮೆ ಆರು ತಾಸಿಗೊಮ್ಮೆ ಬದಲಾಗುತ್ತವೆ. ಹುಣ್ಣಿಮೆ, ಅಮಾವಾಸ್ಯೆಯ ದಿನಗಳಲ್ಲಿ ಸೂರ್ಯ ಚಂದ್ರರ ಸೆಳೆತ ಕೂಡುವುದರಿಂದ ನೀರಿನ ಏರಿಳಿತ ದೊಡ್ಡದು, ಸೆಳವೂ ಜೋರು. ಕಾಳಿಯ ಅಳಿವೆ ದಾಟುವ ಮೀನುಗಾರರು ಇದನ್ನೆಲ್ಲ ಲೆಕ್ಕ ಹಾಕಿಯೇ ಹೊರಡುತ್ತಾರೆ.

ಕೂರ್ಮಗಡದ ನರಸಿಂಹ ದೇವರ ಜಾತ್ರೆ ನಡೆಯುವುದು ಪುಷ್ಯ ಮಾಸದ ಹುಣ್ಣಿಮೆಯಂದು. ಅಂದು ಮೀನುಗಾರರ ದೋಣಿಗಳೆಲ್ಲ ಬಣ್ಣದ ಪತಾಕೆ ಕಟ್ಟಿಕೊಂಡು ಮದುವಣಗಿತ್ತಿಯರಂತೆ ಸಿಂಗರಗೊಳ್ಳುತ್ತವೆ. ಹರಕೆಯ ಬಾಳೆಗೊನೆ ಹೊತ್ತ ಭಕ್ತರು ಸಾಲುಸಾಲಾಗಿ ದ್ವೀಪಕ್ಕೆ ಹೋಗುತ್ತಾರೆ. ವರ್ಷವಿಡೀ ಬಿಕೋ ಎನ್ನುವ ನಡುಗಡ್ಡೆ ಅಂದು ಒಂದು ಊರಾಗುತ್ತದೆ. ಬಯಲುಸೀಮೆಯ ಕುಟುಂಬಗಳು ದೋಣಿ ಹತ್ತಿ ದ್ವೀಪಕ್ಕೆ ಹೋಗಲು ಇದಕ್ಕಿಂತ ಚಂದದ ಸಂದರ್ಭ ಇನ್ನೊಂದಿಲ್ಲ.

2019ರ ಜನವರಿ 21, ಅದೇ ಜಾತ್ರೆಯ ದಿನ. ದರ್ಶನ ಮುಗಿಸಿ ದಡಕ್ಕೆ ಮರಳುತ್ತಿದ್ದ ದೋಣಿಯೊಂದು ಅಲೆಯ ಹೊಡೆತಕ್ಕೆ ಮಗುಚಿತು. ಹದಿನಾರು ಮಂದಿ ಸತ್ತರು. ಹಾವೇರಿ ಜಿಲ್ಲೆಯಿಂದ ಬಂದಿದ್ದ ಕುಟುಂಬದ ಹಲವರು, ಪುಟ್ಟ ಮಕ್ಕಳು ಅವರಲ್ಲಿದ್ದರು. ದೋಣಿಯಲ್ಲಿ ಮಿತಿಗಿಂತ ಹೆಚ್ಚು ಜನರಿದ್ದರು, ಜೀವರಕ್ಷಕ ಜಾಕೆಟ್ ತೊಟ್ಟಿರಲಿಲ್ಲ ಎಂದು ಆಗ ವರದಿಗಳು ಹೇಳಿದವು. ಹಾವೇರಿ ಎಂದರೆ ನವಲಗುಂದದ ನೆರೆ. ಅದೇ ಎರೆಹೊಲ, ಅದೇ ರೊಟ್ಟಿ ಬುತ್ತಿ, ಕಡಲೆಂದರೆ ಅದೇ ಬೆರಗು. ಆ ಸಾವುಗಳನ್ನು ವಿಧಿಯೆಂದು ಬಿಟ್ಟುಬಿಡುವುದು ಸರಿಯಲ್ಲ. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರದ ಕಡಲಿಗಿಳಿದು ನೀರುಪಾಲಾದ ನಾಲ್ವರು ವಿದ್ಯಾರ್ಥಿನಿಯರು ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದವರು. ಕಡಲು ಗೊತ್ತಿಲ್ಲದ ಊರಿನ ಮಕ್ಕಳೇ ಮತ್ತೆ ಮತ್ತೆ ಬಲಿಯಾಗುತ್ತಿದ್ದಾರೆ.

ದೋಣಿ ಮಗುಚುವುದು ಹೇಗೆ ಎಂಬುದನ್ನು ಮಕ್ಕಳಿಗೂ ತಿಳಿಯುವಂತೆ ಹೇಳಬಹುದು. ಭಾರ ಕೆಳಗೆ, ನಡುವೆ ಇದ್ದಷ್ಟೂ ದೋಣಿ ಗಟ್ಟಿ. ಜನ ಎದ್ದು ನಿಂತರೆ ಭಾರದ ಕೇಂದ್ರ ಮೇಲೇರುತ್ತದೆ, ಒಂದೇ ಬದಿಗೆ ಸರಿದರೆ ದೋಣಿ ವಾಲುತ್ತದೆ. ವಾಲಿದ ದೋಣಿಗೆ ಪಕ್ಕದಿಂದ ಒಂದು ಅಲೆ ಬಡಿದರೆ ನೀರು ಒಳನುಗ್ಗುತ್ತದೆ. ನುಗ್ಗಿದ ನೀರೂ ತಗ್ಗಿದ ಬದಿಗೇ ಹರಿದು ವಾಲುವಿಕೆಯನ್ನು ಹೆಚ್ಚಿಸುತ್ತದೆ. ಆಮೇಲೆ ಸಾವರಿಸಿಕೊಳ್ಳಲು ಹೊತ್ತೇ ಉಳಿಯುವುದಿಲ್ಲ. ಕಾಳಿಯ ಅಳಿವೆಯ ಬಳಿ ಡಾಲ್ಫಿನ್ ಬೆನ್ನು ಕಂಡ ಕೂಡಲೇ ದೋಣಿಯಲ್ಲಿದ್ದವರೆಲ್ಲ ಮೊಬೈಲ್ ಹಿಡಿದು ಆ ಬದಿಗೆ ಧಾವಿಸುತ್ತಾರಲ್ಲ, ಅಪಾಯದ ಗಳಿಗೆ ಅದೇ. ಡಾಲ್ಫಿನ್ ಇನ್ನೊಮ್ಮೆ ಏಳುತ್ತದೆ. ಕುಳಿತಲ್ಲಿಂದಲೇ ನೋಡಬೇಕು.

ಜಾಕೆಟ್ ವಿಷಯದಲ್ಲಿ ತಾಯಂದಿರು ಒಂದು ಪರೀಕ್ಷೆ ಕಲಿಯಬೇಕು. ಮಗುವಿಗೆ ಜಾಕೆಟ್ ತೊಡಿಸಿ, ಎದೆಯ ಮೇಲಿನ ಪಟ್ಟಿಗಳನ್ನೆಲ್ಲ ಬಿಗಿದು, ಬಕಲ್ ‘ಟಕ್’ ಎಂದು ಕೂತಿತೇ ನೋಡಿ. ಆಮೇಲೆ ಎರಡೂ ಹೆಗಲ ಮೇಲೆ ಹಿಡಿದು ಜಾಕೆಟನ್ನು ಮೇಲಕ್ಕೆ ಎತ್ತಿ. ಅದು ಗಲ್ಲ ದಾಟಿ ಕಿವಿಯವರೆಗೆ ಜಾರಿದರೆ ಆ ಜಾಕೆಟ್ ಮಗುವಿನ ಅಳತೆಯದಲ್ಲ. ನೀರಿಗೆ ಬಿದ್ದಾಗ ಜಾಕೆಟ್ ಮೇಲೆ ತೇಲುತ್ತದೆ, ಮಗು ಅದರೊಳಗಿಂದ ಜಾರಿ ಕೆಳಗೆ ಹೋಗುತ್ತದೆ. ಚಿಕ್ಕ ಮಕ್ಕಳ ಜಾಕೆಟ್‌ಗೆ ತೊಡೆಸಂದಿಯಲ್ಲಿ ಹಾಯಿಸಿ ಕಟ್ಟುವ ಪಟ್ಟಿಯೂ ಇರಬೇಕು. ಸೀಟಿನ ಕೆಳಗೆ ರಾಶಿ ಹಾಕಿದ ಜಾಕೆಟ್‌ನಿಂದ ಯಾರ ಜೀವವೂ ಉಳಿಯದು. ಸೀರೆ, ಪಂಚೆ ಉಟ್ಟ ಹಿರಿಯರಿಗೆ ಜಾಕೆಟ್ ಇನ್ನೂ ಮುಖ್ಯ, ನೆನೆದ ಬಟ್ಟೆ ಕಾಲಿಗೆ ಸುತ್ತಿಕೊಂಡರೆ ಈಜು ಬಲ್ಲವರೂ ಸೋಲುತ್ತಾರೆ.

ತೆರೆಯ ಮೇಲೆ ತಲೆ ಸುತ್ತಿ ವಾಂತಿಯಾಗುವುದು ಬಯಲಿನವರಿಗೆ ಸಾಮಾನ್ಯ. ಕಣ್ಣಿಗೆ ದೋಣಿ ನಿಂತಂತೆ ಕಾಣುತ್ತದೆ, ಒಳಗಿವಿ ಮಾತ್ರ ತೂಗಾಟವನ್ನು ಗುರುತಿಸುತ್ತದೆ. ಎರಡರ ಸುದ್ದಿ ತಾಳೆಯಾಗದೆ ಮಿದುಳು ಗೊಂದಲಕ್ಕೆ ಬೀಳುತ್ತದೆ. ದೂರದ ದಿಗಂತವನ್ನು ನೋಡುತ್ತ, ದೋಣಿಯ ನಡುಭಾಗದಲ್ಲಿ ಕುಳಿತರೆ ಹಿತ. ಬರಿಹೊಟ್ಟೆಯಲ್ಲಿ ಹೋಗಬಾರದು, ಕರಿದದ್ದನ್ನು ತುಂಬಾ ತಿಂದೂ ಹೋಗಬಾರದು. ಮನೆಯಿಂದ ಕಟ್ಟಿಕೊಂಡು ಬಂದ ಕಟಕ್ ರೊಟ್ಟಿ, ಒಂದಿಷ್ಟು ಶುಂಠಿ ಸಾಕು.

ಇಷ್ಟೆಲ್ಲ ಎಚ್ಚರ ಕುಟುಂಬದವರ ಪಾಲಿನದು. ಸರ್ಕಾರದ, ದೋಣಿಯವರ ಪಾಲೂ ಸಣ್ಣದಲ್ಲ. ಪ್ರತಿ ದೋಣಿಯ ಮೈಮೇಲೆ ಎಷ್ಟು ಜನ ಹತ್ತಬಹುದೆಂದು ದಪ್ಪ ಕನ್ನಡ ಅಕ್ಷರಗಳಲ್ಲಿ ಬರೆದಿರಬೇಕು. ಜೆಟ್ಟಿಯಲ್ಲಿ ತಲೆ ಎಣಿಸುವವರು ಇರಬೇಕು. ಹೈದರಾಬಾದಿನ ರಾಷ್ಟ್ರೀಯ ಸಾಗರ ಮಾಹಿತಿ ಕೇಂದ್ರ ನೀಡುವ ಎತ್ತರದ ಅಲೆಗಳ ಮುನ್ಸೂಚನೆಯನ್ನು ಟಿಕೆಟ್ ಕೊಡುವಲ್ಲೇ ಫಲಕಕ್ಕೆ ಹಾಕಬೇಕು. ಜಾತ್ರೆಯ ದಿನವಂತೂ ಜಾಕೆಟ್ ಇಲ್ಲದ ಒಬ್ಬರನ್ನೂ ದೋಣಿಗೆ ಬಿಡಕೂಡದು. ನವಲಗುಂದ, ಅಣ್ಣಿಗೇರಿ, ಕುಂದಗೋಳದಂಥ ತಾಲ್ಲೂಕುಗಳಲ್ಲಿ ಮಕ್ಕಳಿಗೆ ಈಜು ಕಲಿಸುವ ಏರ್ಪಾಡು ಆಗಬೇಕು. ಬೆಣ್ಣಿಹಳ್ಳ ಉಕ್ಕಿದಾಗಲೂ ಅದು ಅವರ ಕೈಹಿಡಿಯುತ್ತದೆ. ಶಾಲಾ ಪ್ರವಾಸ ಕಡಲಿಗೆ ಹೊರಟರೆ ಹೊರಡುವ ಹಿಂದಿನ ದಿನ ಅಳಿವೆ, ಸೆಳವು, ಜಾಕೆಟ್‌ಗಳ ಬಗ್ಗೆ ಒಂದು ಪಾಠ ನಡೆಯಲೇಬೇಕು.

ಕಡಲಿಗೆ ಹೊರಡುವ ಕುಟುಂಬಗಳು ಎರಡು ನಂಬರುಗಳನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಲಿ: ಕರಾವಳಿ ರಕ್ಷಣಾ ಪಡೆ 1554, ಕರಾವಳಿ ಕಾವಲು ಪೊಲೀಸ್ 1093. ತಾಂಡೇಲ ‘ಇವತ್ತು ಬೇಡ’ ಎಂದರೆ ವಾದ ಮಾಡದೆ ಮರುದಿನ ಹೋಗಿ. ದೋಣಿ ತುಂಬಿದೆ ಅನ್ನಿಸಿದರೆ ಇಳಿದು ಮುಂದಿನ ದೋಣಿಗೆ ಕಾಯಿರಿ. ಮಗುವಿನ ಅಳತೆಯ ಜಾಕೆಟ್ ಇಲ್ಲ ಎಂದವರ ದೋಣಿ ಹತ್ತಲೇಬೇಡಿ, ಇದೆ ಎನ್ನುವವರನ್ನು ಹುಡುಕಿ ಅವರಿಗೆ ನಿಮ್ಮ ದುಡ್ಡು ಕೊಡಿ.